ಹಳದಿ ಗೆರೆಯಾಚೆ ನಮ್ಮ ಕಡೆಯವರು

ತಮ್ಮ ಮಾನ ಹೋಗಬೇಕಾದರೆ ಉಳಿದವರು ಏನಾದರೂ ತಪ್ಪು ಮಾಡಬೇಕಾಗುತ್ತದೆ. ದೋಣಿ ನಿಲ್ಲುವ ಜೆಟ್ಟಿಯಲ್ಲಿ ಕೆಲಸ ಮಾಡುವವನಿಗೆ ಹಡಗು ಬಂದರೆ ಸಾಕು.

ದೊಡ್ಡ ಹಡಗು ದಡದ ತನಕ ಬರುವುದಿಲ್ಲ. ದೂರದ ಆಳ ನೀರಿನಲ್ಲಿ ಲಂಗರು ಹಾಕುತ್ತದೆ. ಪ್ರವಾಸಿಗರನ್ನು ಟೆಂಡರ್ ಎಂಬ ಸಣ್ಣ ದೋಣಿಗಳು ಗೋವಾದ ದಡಕ್ಕೆ ತರುತ್ತವೆ. ದೋಣಿಗೂ ಜೆಟ್ಟಿಗೂ ನಡುವೆ ಒಂದು ಗೇಣು ಸಮುದ್ರ ಉಳಿಯುತ್ತದೆ. ಆ ಒಂದು ಗೇಣು ದಾಟಿಸುವುದು ನನ್ನ ಉದ್ಯೋಗ. ಓದಿದ್ದು ಸಮಾಜಶಾಸ್ತ್ರ, ಎಂ.ಎ. ವಲಸೆ ಕಾರ್ಮಿಕರ ಮೇಲೆ ಪ್ರಬಂಧ ಬರೆದಿದ್ದೇನೆ. ಅದಕ್ಕಾಗಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಇಲ್ಲೇ ಗೋವಾದ ವಲಸಿಗರ ಕೇರಿ ಚಿಂಬಲ್‌ನಲ್ಲಿ ನಮ್ಮ ಮನೆಯ ಬಾಗಿಲು ತೆರೆದಿದ್ದರೆ ಸಾಕಿತ್ತು.

ಮೊದಲ ಕೈ

"ಮೂರು ತಿಂಗಳು ನೋಡುತ್ತೇನೆ, ಆಮೇಲೆ ಕಾಯಂ," ಎಂದರು ಸೂಪರ್‌ವೈಸರ್. "ಇಳಿಯುವವರನ್ನು ಹಿಡಿದುಕೊ, ಅಷ್ಟೇ."

ಮೊದಲು ಬಂದವನು ಆರಡಿ ಎತ್ತರದ ವಿದೇಶಿ ಅಜ್ಜ. ಕೈ ಚಾಚಿದ. ನಾನು ಅದನ್ನು ಹಿಡಿದು ಕುಲುಕಿ, "ವೆಲ್‌ಕಮ್ ಟು ಗೋವಾ" ಎಂದೆ. ಅಷ್ಟರಲ್ಲಿ ಅಲೆ ಸರಿಯಿತು. ದೋಣಿ ಎರಡಡಿ ಕೆಳಗೆ ಹೋಯಿತು, ಅಜ್ಜ ದೋಣಿಯೊಂದಿಗೆ ಹೋದ, ನನ್ನ ಕೈ ಅಜ್ಜನೊಂದಿಗೆ ಹೋಯಿತು. ಉಳಿದ ನಾನು ಜೆಟ್ಟಿಯ ಮೇಲೆ ಬೋರಲು ಬಿದ್ದೆ. ಕೈ ಮಾತ್ರ ಇನ್ನೂ ಕುಲುಕುತ್ತಲೇ ಇತ್ತು.

"ಮಣಿಕಟ್ಟು ಹಿಡಿಯಬೇಕು ಮಾರಾಯಾ, ಅಲೆ ಏರಿದಾಗ ಎಳೆಯಬೇಕು," ಎಂದು ದೋಣಿ ನಡೆಸುವವನು ಕೂಗಿದ.

ಅಜ್ಜ ಸಭ್ಯಸ್ಥ. ಕೆಳಗಿನಿಂದಲೇ ಕೇಳಿದ: "ನಿಮಗೇನಾದರೂ ಸಹಾಯ ಬೇಕೆ?"

ಗೆರೆ

ಜೆಟ್ಟಿಯ ಮೇಲೊಂದು ಹಳದಿ ಗೆರೆ ಇದೆ. ಮಾರಾಟದವರು ಅದನ್ನು ದಾಟಬಾರದು. ಅವರನ್ನು ತಡೆಯುವುದೂ ನನ್ನ ಕೆಲಸವೇ.

ನಮ್ಮವ್ವ ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ಇದನ್ನು ನಾನು ಜೆಟ್ಟಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯವರೆಲ್ಲ ಧಾರವಾಡದಲ್ಲಿದ್ದಾರೆ ಎಂದಿದ್ದೆ. ಎರಡನೆಯ ವಾರ ಅವ್ವ ಮೊಣಕೈ ತನಕ ಸರ ಏರಿಸಿಕೊಂಡು ಜೆಟ್ಟಿಗೇ ಬಂದಳು. ಸೂಪರ್‌ವೈಸರ್ ನನ್ನ ಪಕ್ಕದಲ್ಲೇ ಇದ್ದರು.

"ಪೀಛೆ ಹಟೋ," ಎಂದೆ. ಹಿಂದೆ ಸರಿ ಎಂದು, ಹೆತ್ತವಳಿಗೆ, ಹಿಂದಿಯಲ್ಲಿ.

ಅವ್ವ ಗೆರೆಯ ಅಂಚಿಗೆ ಬಂದು ನಿಂತಳು. "ಡಬ್ಬಿ ಮನ್ಯಾಗ ಬಿಟ್ಟ ಬಂದಿಯಲ್ಲೋ. ರೊಟ್ಟಿ ಹಂಗ ಕುಂತಾವು," ಎಂದು ಹೊಸ ಸ್ಟೀಲ್ ಡಬ್ಬಿ ಚಾಚಿದಳು.

"ಏನಂತೆ?" ಎಂದು ಹಿಂದಿಯಲ್ಲಿ ಕೇಳಿದರು ಕನ್ನಡ ಬಾರದ ಸೂಪರ್‌ವೈಸರ್.

"ಸರ ಅಗ್ಗ ಅಂತಾಳೆ ಸರ್."

"ಡಬ್ಬಿ ಯಾಕೆ?"

"ಲಂಚ ಇರಬೇಕು."

"ಗುರುತಿನವಳಾ?"

"ನಮ್ಮ ಕಡೆಯವರು ಇರಬೇಕು ಸರ್."

ಇಪ್ಪತ್ತು ವರ್ಷ ಗೋವಾದಲ್ಲಿ ದುಡಿದವಳಿಗೆ ಹಿಂದಿ ಚೆನ್ನಾಗಿಯೇ ತಿಳಿಯುತ್ತದೆ. ಡಬ್ಬಿಯನ್ನು ಗೆರೆಯ ಮೇಲಿಟ್ಟು ಹಿಂದೆ ಸರಿದಳು. ಮರುದಿನದಿಂದ ಬುತ್ತಿ ಗೆರೆಯ ಮೇಲೆಯೇ ಬರತೊಡಗಿತು. ಜೆಟ್ಟಿಯಲ್ಲಿ ನನ್ನನ್ನು "ರೀ" ಎಂದು ಮಾತಾಡಿಸತೊಡಗಿದಳು. ಮನೆಯಲ್ಲಿ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು.

ಲಂಚವನ್ನು ನಾನು ದಿನಾ ಮಧ್ಯಾಹ್ನ ಬದನೆಕಾಯಿ ಪಲ್ಯದ ಜೊತೆ ತಿಂದು, ಡಬ್ಬಿ ತೊಳೆದು, ಸಂಜೆಯ ತನಕ ಒಣಗಲೆಂದು ಸೂಪರ್‌ವೈಸರ್ ಮೇಜಿನ ಮೇಲೆ ಬೋರಲು ಹಾಕುತ್ತಿದ್ದೆ.

ಹತ್ತು ಜೋಡಿ

ಒಂದು ಹಡಗಿನಲ್ಲಿ ಬಾಗಲಕೋಟೆ ಕಡೆಯ ತುಂಬು ಕುಟುಂಬವೊಂದು ಬಂದಿತ್ತು. ಬರುವಾಗ ಅಲೆಗೆ ಹೆದರಿ ನೀರಿಗೆ ಕೈಮುಗಿಯುವುದನ್ನು ಮರೆತಿದ್ದರಂತೆ. ವಾಪಸ್ ದೋಣಿ ಹತ್ತುವಾಗ ಅಜ್ಜಿಗೆ ನೆನಪಾಯಿತು. "ಗಂಗವ್ವನ ಮ್ಯಾಲ ಚಪ್ಪಲ್ ಹಾಕ್ಕೊಂಡ ಹೋಗ್ತಾರೇನ?" ಎಂದು ಗದರಿದಳು. ಹತ್ತೂ ಜನ ಚಪ್ಪಲಿ ಬಿಟ್ಟು, ದೋಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ನಾನು ಪಕ್ಕದಲ್ಲಿ ನಿಂತು, ಭಯ ಮತ್ತು ಆಚರಣೆ ಕುರಿತು ಮನಸ್ಸಿನಲ್ಲೇ ಒಂದು ಪ್ಯಾರಾ ರಚಿಸಿದೆ. ಪ್ಯಾರಾ ಮುಗಿಯುವಾಗ ದೋಣಿ ಹೋಗಿತ್ತು. ಹತ್ತು ಜೋಡಿ ಚಪ್ಪಲಿ ಸಾಲಾಗಿ ಸಮುದ್ರ ನೋಡುತ್ತಿದ್ದವು.

ಮುಂದಿನ ದೋಣಿಯಲ್ಲಿ ನಾನೇ ಒಯ್ಯಬೇಕಾಯಿತು. ಗೆರೆಯಾಚೆಯಿಂದ ಅವ್ವ ಮಣಿ ಪೋಣಿಸುವ ದಾರದ ಉಂಡೆ ಎಸೆದಳು. "ಜೋಡಿ ಜೋಡಿ ಕಟ್ಟಿ ಕೊಳ್ಳಾಗ ಹಾಕ್ಕೊಳ್ರಿ."

ಬೇರೆ ದಾರಿ ತೋಚಲಿಲ್ಲ. ಹಾಗೆಯೇ ಹಾಕಿಕೊಂಡು ಹಡಗು ಹತ್ತಿದೆ. ಬಾಗಿಲಲ್ಲೇ ಒಬ್ಬರು ಮೇಮ್‌ಸಾಹೇಬರು ನನ್ನ ಎದೆಯ ಮೇಲಿನ ಕೆಂಪು ಜೋಡಿಯನ್ನು ಹಿಡಿದೆಳೆದು ಕೇಳಿದರು: "ಹೌ ಮಚ್?"

ಮಣಿಕಟ್ಟು

ಮೂರು ತಿಂಗಳು ಮುಗಿಯುವ ವಾರ. ಅಲೆ ಜೋರಾಗಿತ್ತು. ಎಲ್ಲರೂ ಇಳಿದರು, ಒಬ್ಬ ವಿದೇಶಿ ಮುದುಕಿ ಮಾತ್ರ ದೋಣಿಯಲ್ಲೇ ಕೂತಿದ್ದಳು.

"ಇವರು ಇಳಿಯದಿದ್ದರೆ ದೋಣಿ ವಾಪಸ್," ಎಂದರು ಸೂಪರ್‌ವೈಸರ್. "ನೀನೂ."

ನಾನು ಇಂಗ್ಲಿಷಿನಲ್ಲಿ ತಿಳಿಹೇಳಿದೆ: "ಇಲ್ಲಿ ಬಿದ್ದವರು ತೀರ ಕಡಿಮೆ, ಮೇಡಂ." ಅಲ್ಲಿಯ ತನಕ ಬೆಂಚನ್ನು ಒಂದು ಕೈಯಲ್ಲಿ ಹಿಡಿದಿದ್ದವಳು ಎರಡೂ ಕೈಯಲ್ಲಿ ಹಿಡಿದಳು.

ಅವ್ವ ಗೆರೆ ದಾಟಿದಳು. ಸರಗಳನ್ನು ನೆಲಕ್ಕಿಟ್ಟು, ಸೆರಗು ಸಿಗಿಸಿ, ಜೆಟ್ಟಿಯ ಅಂಚಿಗೆ ಮೊಣಕಾಲೂರಿದಳು. ಕಟ್ಟಡದ ಕೆಲಸದಲ್ಲಿ ವರ್ಷಗಟ್ಟಲೆ ಖಡಿ ಕಲ್ಲು ತುಂಬಿದ ಬುಟ್ಟಿ ಕೈಯಿಂದ ಕೈಗೆ ಸಾಗಿಸಿದವಳು; ಭಾರ ಯಾವಾಗ ಹಗುರಾಗುತ್ತದೆ ಎಂಬುದು ಅವಳಿಗೆ ಗೊತ್ತು.

"ಬಾ ನಮ್ಮವ್ವ. ಕೆಳಗ ನೋಡಬ್ಯಾಡ. ನನ್ನ ಮಾರಿ ನೋಡ."

ಮುದುಕಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೂ ಎದ್ದು ಬಂದಳು. ಅಲೆ ಏರಿತು, ಅವ್ವ ಎರಡೂ ಮಣಿಕಟ್ಟು ಹಿಡಿದು ಎಳೆದಳು. ಮರುಕ್ಷಣ ಇಬ್ಬರೂ ಜೆಟ್ಟಿಯ ಮೇಲೆ ತಬ್ಬಿಕೊಂಡು ನಗುತ್ತಿದ್ದರು.

ಸೂಪರ್‌ವೈಸರ್ ಬಂದು, ನನ್ನತ್ತ ಬೆರಳು ಮಾಡಿ ಅವ್ವನನ್ನು ಕೇಳಿದರು: "ಇವನು ಗುರುತಿನವನಾ?"

ನನ್ನ ಕೆಲಸ ಅವಳ ಬಾಯಲ್ಲಿತ್ತು. ಅವಳಿಗೂ ಅದು ಗೊತ್ತಿತ್ತು. ಶುದ್ಧ ಹಿಂದಿಯಲ್ಲಿ, ನನ್ನದೇ ಮಾತನ್ನು ಹಾಗೆಯೇ ಒಪ್ಪಿಸಿದಳು: "ನಮ್ಮ ಕಡೆಯವರು ಇರಬೇಕು ಸಾಹೇಬ್."

"ನಮ್ಮವ್ವ, ಸರ್," ಎಂದೆ.

ಸೂಪರ್‌ವೈಸರ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಒಳಗಿನಿಂದ ಡಬ್ಬಿ ತಂದು ತಳ ತೋರಿಸಿದರು. ಪಾತ್ರೆ ಅಂಗಡಿಯವನು ಇಂಗ್ಲಿಷಿನಲ್ಲಿ ಕೊರೆದಿದ್ದ: ನನ್ನ ಹೆಸರು, ಅದರ ಮುಂದೆ ಎಂ.ಎ., ಅದರ ಕೆಳಗೆ "ತಾಯಿಯ ಉಡುಗೊರೆ". ಎರಡೂವರೆ ತಿಂಗಳಿಂದ ಇಡೀ ಆಫೀಸು ಓದುತ್ತಿತ್ತು. ಸಮಾಜ ಓದಿದವನು ಡಬ್ಬಿಯ ತಳ ಓದಿರಲಿಲ್ಲ.

"ಕಾಯಂ ಕೆಲಸ ಇದೆ," ಎಂದರು. "ಅವರು ಬರುತ್ತಾರಾ, ಕೇಳು."

ಈಗ ಮಣಿಕಟ್ಟು ಹಿಡಿಯುವವಳು ಅವ್ವ. ನನ್ನನ್ನು ಗೆರೆ ಕಾಯಲು ಇಟ್ಟುಕೊಂಡಿದ್ದಾರೆ. ಅವ್ವ ಇವತ್ತಿಗೂ ಬೈದಿಲ್ಲ. ಜೆಟ್ಟಿಯ ಆ "ರೀ"ಯನ್ನು ಮನೆಗೂ ತಂದಿದ್ದಾಳೆ, ಅಷ್ಟೇ. ನಿನ್ನೆಯೂ ತಾಟು ಹಾಕಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನು ಕರೆದಳು:

"ಬರ್ರಿ ಸಾಹೇಬ್ರ, ದಾಟಿ ಬರ್ರಿ. ಇಲ್ಲಿ ಯಾರೂ ಗೆರಿ ಹಾಕಿಲ್ಲ."