ಮೂರು ತುಪಾಕಿಯ ಸೋಮಶೇಖರಪ್ಪ

ಕಾನ್‌ಸ್ಟೇಬಲ್ ಹನುಮಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಆದೋನಿಯ ಹತ್ತಿ ಯಾರ್ಡಿನಲ್ಲಿ ವರ್ಷಗಟ್ಟಲೆ ಲಾರಿಗಳ ನಡುವೆ ಡ್ಯೂಟಿ ಮಾಡಿ ಅವನ ಗಂಟಲು ಹಾಗೆ ತಯಾರಾಗಿತ್ತು. ಅದೊಂದು ಇಲ್ಲದಿದ್ದರೆ ಹತ್ತಿ ವ್ಯಾಪಾರಿ ಸೋಮಶೇಖರಪ್ಪನ ಮನೆಯಲ್ಲಿ ಆ ದಿನ ಏನೂ ನಡೆಯುತ್ತಿರಲಿಲ್ಲ.

"ಸಾವ್ಕಾರ್ರ, ಇವತ್ತು ಲಾಸ್ಟ್ ಡೇಟ್ ಐತ್ರಿ!" ಎಂದು ಅವನು ಬಾಗಿಲಲ್ಲೇ ನಿಂತು ಕೂಗಿದ. "ಸಂಜಿ ಒಳಗ ಮೂರು ತುಪಾಕಿಯೊಳಗ ಒಂದು ತಂದು ಒಪ್ಪಿಸಬೇಕಂತ. ಇಲ್ಲಂದ್ರ ಎಸ್ಸೈ ಸಾರು ನಾಳಿ ಕೇಸ್ ಬರೀತಾರ, ಮೂರೂ ಹೋಗ್ತಾವ!"

ಸೋಮಶೇಖರಪ್ಪ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಹೇಳಿದ್ದು ಕೇಳಿಸಲಿಲ್ಲವೇನೋ ಎಂದುಕೊಂಡು ಹನುಮಣ್ಣ ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಿದ.

ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಲೈಸೆನ್ಸ್ ತುಪಾಕಿ ಇರಬಾರದೆಂದು ಕಾನೂನು ಬದಲಾಗಿತ್ತು. ಹೆಚ್ಚಿನದನ್ನು ಮಾರಬೇಕು, ಇಲ್ಲವೇ ಸ್ಟೇಷನ್ನಿಗೆ ಒಪ್ಪಿಸಬೇಕು. ನೋಟೀಸು ಬಂದು ಬಹಳ ದಿನವಾಗಿದ್ದರೂ ಸೋಮಶೇಖರಪ್ಪ ಅದನ್ನು ಅಂಗಡಿಯ ಗಾದಿಯ ಕೆಳಗೆ ತೂರಿಸಿ ಸುಮ್ಮನಿದ್ದ. ಯಾವುದನ್ನು ಕೊಡೋಣ ಎಂದು ಮನೆಯಲ್ಲಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಮೂರು ತುಪಾಕಿ ಇದ್ದವನಿಗೆ ಅಷ್ಟೂ ಧೈರ್ಯ ಇರಲಿಲ್ಲವೇ ಎಂದು ಕೇಳಬೇಡಿ. ತುಪಾಕಿ ಬೇರೆ, ಧೈರ್ಯ ಬೇರೆ. ದೀಪಾವಳಿಯಲ್ಲಿ ಅವನು ಸುರುಸುರುಬತ್ತಿಯನ್ನೂ ಕೈ ಉದ್ದ ಮಾಡಿ, ಮುಖ ಆಚೆ ತಿರುಗಿಸಿ ಹಿಡಿಯುವವನು.

ಮೂರರಲ್ಲಿ ಒಂದು ಅವನ ತಂದೆಯ ಹಳೆಯ ರಿವಾಲ್ವರ್. ತಂದೆ ತೀರಿಹೋದ ಮೇಲೆ ತಾಯಿ ಗುರುಶಾಂತಮ್ಮ ಅದನ್ನು ದೇವರ ಕೋಣೆಯಲ್ಲಿಟ್ಟು ಮಹಾನವಮಿಗೆ ಪೂಜೆ ಮಾಡುತ್ತ ಬಂದಿದ್ದಳು. ಇನ್ನೊಂದು ಹಾಲಹರವಿಯ ಮಾವನದು. ಮಾವ ತೀರಿಕೊಂಡಾಗ ಅವರ ಮಗ ಬಸವಪ್ರಸಾದನ ಮೇಲೆ ಹೊಡೆದಾಟದ ಕೇಸು ಇದ್ದುದರಿಂದ ಲೈಸೆನ್ಸು ಅಳಿಯನ ಹೆಸರಿಗೆ ಬಂದಿತ್ತು. ಉಳಿದದ್ದು ಸೋಮಶೇಖರಪ್ಪ ತಾನೇ ಆಸೆಪಟ್ಟು ಕೊಂಡ ಪಿಸ್ತೂಲು. ಓದು, ಮದುವೆ, ವ್ಯಾಪಾರ, ಕೊನೆಗೆ ಮೀಸೆಯ ಅಳತೆಯನ್ನು ಸಹ ಬೇರೆಯವರು ತೀರ್ಮಾನಿಸಿದ ಬದುಕಿನಲ್ಲಿ ಅದೊಂದನ್ನು ಅವನು ತನಗೆ ಬೇಕೆಂದು ಹಟ ಹಿಡಿದು ತಂದಿದ್ದ. ಭಾನುವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಅದಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಒಂದು ಸಲವೂ ಹಾರಿಸಿರಲಿಲ್ಲ. ಆದರೂ ಅದೆಂದರೆ ಅವನಿಗೆ ಪ್ರಾಣ.

"ಯಾವ್ದು ಕೊಡ್ತೀ ಸೋಮಾ?" ಗುರುಶಾಂತಮ್ಮ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೈಯನ್ನು ಹಣೆಯ ಮೇಲೇ ನಿಲ್ಲಿಸಿ ಕೇಳಿದಳು.

"ಇನ್ನೂ ವಿಚಾರ ಮಾಡಿಲ್ಲವ್ವ."

"ವಿಚಾರ ಮಾಡೋದೇನೈತಿ? ನಿಮ್ಮಪ್ಪಂದು ಈ ಮನಿ ಬಿಟ್ಟು ಹೋಗಂಗಿಲ್ಲ. ಹೊರಗಿಂದ ಬಂದದ್ದು ಹೊರಗ ಹೋಗ್ಲಿ."

ಅಡುಗೆಮನೆಯಲ್ಲಿ ಒಂದು ತಂಬಿಗೆ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಸೊಸೆ ನಾಗಜ್ಯೋತಿ ಹೊರಗೆ ಬಂದಳು.

"ಹೊರಗಿಂದ ಬಂದದ್ದು ಅಂದ್ರ ಯಾವ್ದು ಅತ್ತೀ? ನಾನೂ ಹೊರಗಿಂದ ಬಂದಾಕಿನ. ನಮ್ಮಪ್ಪನ ರಿವಾಲ್ವರ್ ಹೋದ್ರ ಅದರ ಹಿಂದ ನಾನೂ ಹಾಲಹರವಿಗೆ ಹೊಂಟೆ."

"ನಾ ನಿನ್ನ ಹೆಸರು ತಗೊಂಡೆನೇನು?"

"ನಮ್ಮಪ್ಪನ ತುಪಾಕಿ ಹೆಸರು ತಗೊಂಡ್ರಲ್ಲ, ಸಾಕು."

ಚಹಾ ಬರುವ ಲಕ್ಷಣ ಕಾಣದೆ ಹನುಮಣ್ಣ ಮೆಟ್ಟಿಲಿಳಿದ. ನಾಗಜ್ಯೋತಿ ತಮ್ಮ ಬಸವಪ್ರಸಾದನಿಗೆ ಫೋನು ಹಚ್ಚಿದಳು.

ಪಕ್ಕದ ಮನೆಯ ವಿಠಲರಾಯರು ಎಮ್ಮಾರ್ವೋ ಆಫೀಸಿನಲ್ಲಿ, ಅಂದರೆ ತಹಶೀಲ್ದಾರರ ಕಚೇರಿಯಲ್ಲಿ, ಗುಮಾಸ್ತರಾಗಿದ್ದು ನಿವೃತ್ತರಾದವರು. ಅರ್ಜಿ ಹಿಡಿದು ಬರುವವರು ನಿಂತುಹೋದ ಮೇಲೆ ಅವರ ಸಲಹೆಗಳೆಲ್ಲ ಹಾಗೇ ಉಳಿದುಬಿಟ್ಟಿದ್ದವು. ಈಗ ಅವರ ತಲೆ ಕಾಂಪೌಂಡ್ ಗೋಡೆಯ ಮೇಲೆ ಎದ್ದಿತು.

"ಸೆಂಟಿಮೆಂಟ್ ಬ್ಯಾಡ್ರಿ ಸೋಮಶೇಖರಪ್ಪನವ್ರ. ಕಂಡೀಷನ್ ನೋಡ್ರಿ. ಮೂರನ್ನೂ ಹೊರಗ ತರ್ರಿ. ಯಾವ್ದು ಕೆಟ್ಟು ಹೋಗ್ಯದ, ಅದನ್ನ ಕೊಟ್ಟುಬಿಡ್ರಿ. ಯಾರಿಗೂ ಬ್ಯಾಸರಿಲ್ಲ."

ಸೋಮಶೇಖರಪ್ಪನಿಗೆ ಅದು ಸರಿಯೆನಿಸಿತು. ಗುಂಡುಗಳನ್ನು ಬೀರುವಿನಲ್ಲೇ ಬಿಟ್ಟು, ಮೂರನ್ನೂ ತಂದು ಕಟ್ಟೆಯ ಮೇಲೆ ಪೇಪರು ಹಾಸಿ ಸಾಲಾಗಿ ಇಟ್ಟ. ಓಣಿಯವರು ಒಬ್ಬೊಬ್ಬರಾಗಿ ಬಂದು, ಬಟ್ಟೆ ವ್ಯಾಪಾರಿಯ ಗಂಟು ಬಿಚ್ಚಿದಾಗ ಕೂರುವ ಹಾಗೆ ಸುತ್ತಲೂ ಕೂತರು.

ವಿಠಲರಾಯರು ಕನ್ನಡಕ ಏರಿಸಿ, ತಂದೆಯ ರಿವಾಲ್ವರಿನ ನಳಿಗೆಯನ್ನು ಕಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿದರು. ಒಳಗಿನಿಂದ ಬೆಳ್ಳಗಿನ ಪುಡಿ ಸುರಿಯಿತು. ಇಷ್ಟು ವರ್ಷಗಳ ಮಹಾನವಮಿಯ ವಿಭೂತಿಯೆಲ್ಲ ಅಲ್ಲಿ ಹೋಗಿ ಕೂತಿತ್ತು.

"ಇದರಾಗ ಗುಂಡು ಹಾಕಿ ಹೊಡೆದ್ರ ಪ್ರಸಾದ ಬರ್ತದ್ರಿ," ಎಂದರು ರಾಯರು.

"ಕೆಳಗ ಚೆಲ್ಲಬ್ಯಾಡ್ರೋ!" ಗುರುಶಾಂತಮ್ಮ ಓಡಿಬಂದು ಅದನ್ನು ಅಂಗೈಗೆ ಬಳಿದುಕೊಂಡು ಹಣೆಗೆ ಹಚ್ಚಿದಳು. "ನೋಡ್ರಿ, ಎಷ್ಟು ಶಕ್ತಿ ತುಂಬಿಕೊಂಡೈತಿ ಒಳಗ!"

ಮಾವನ ರಿವಾಲ್ವರಿನಿಂದ ಎಷ್ಟು ಕುಟ್ಟಿದರೂ ಏನೂ ಬೀಳಲಿಲ್ಲ. ರಾಯರು ಬೆಳಕಿಗೆ ಹಿಡಿದು ನೋಡಿದರೆ ನಳಿಗೆಯ ತುಂಬ ಮಣ್ಣು. ಕಣಜದ ಹುಳ ಒಳಗೆ ಗೂಡು ಕಟ್ಟಿ ಬಾಯಿ ಮೆತ್ತಿ ಹೋಗಿತ್ತು.

"ನಮ್ಮಪ್ಪ ಜೀವಂತ ಇದ್ದಾಗ ಬಂದವರಿಗೆಲ್ಲ ಜಾಗ ಕೊಡ್ತಿದ್ದ," ಎಂದು ನಾಗಜ್ಯೋತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಆತನ ತುಪಾಕಿನೂ ಕೊಟ್ಟೈತಿ."

ಕೊನೆಗೆ ಪಿಸ್ತೂಲು. ರಾಯರು ಕುದುರೆ ಎಳೆದು ಬಿಟ್ಟಾಗ 'ಟಕ್' ಎಂದು ಅಚ್ಚುಕಟ್ಟಾದ ಸದ್ದು ಬಂತು. ಮುಂದಿನ ಸಾಲಿನಲ್ಲಿ ಕೂತವರು ಹಿಂದಕ್ಕೆ ಸರಿದರು. ಸೋಮಶೇಖರಪ್ಪನ ಎದೆ ಮಗ ಪಾಸಾದದ್ದು ಕೇಳಿದಷ್ಟು ಉಬ್ಬಿತು.

"ತುಪಾಕಿ ಅಂದ್ರ ಇದೊಂದ ರೀ. ಉಳಿದವು ಎರಡೂ ಸಾಮಾನು," ಎಂದು ರಾಯರು ತೀರ್ಪು ಕೊಟ್ಟರು. "ಆ ಎರಡರಾಗ ಯಾವುದನ್ನಾದ್ರೂ ಒಂದು ಕೊಡ್ರಿ."

ಅಲ್ಲಿಗೆ ಕಂಡೀಷನ್ ಮುಗಿದು, ವಿಭೂತಿ ಹೆಚ್ಚು ಕೆಟ್ಟದ್ದೋ ಮಣ್ಣು ಹೆಚ್ಚು ಕೆಟ್ಟದ್ದೋ ಎಂಬ ವಾದ ಶುರುವಾಯಿತು. ಮಣ್ಣನ್ನು ಕಡ್ಡಿಯಿಂದ ತೆಗೆಯಬಹುದು ಎಂದು ಸೊಸೆ, ಮಣ್ಣು ತೆಗೆದರೂ ಹುಳದ ಬುದ್ಧಿ ಹೋಗದು ಎಂದು ಅತ್ತೆ. ಓಣಿ ಎರಡು ಪಕ್ಷವಾಯಿತು. ಅಷ್ಟರಲ್ಲಿ ಬುಲೆಟ್ ಬಂಡಿಯ ಮೇಲೆ ಬಸವಪ್ರಸಾದ ಬಂದಿಳಿದ.

"ಭಾವಾ, ನಾ ಈ ಸಲ ಸರ್ಪಂಚ್‌ಗೆ ನಿಲ್ಲಾವ. ಎಲೆಕ್ಷನ್ ಇವತ್ತೋ ನಾಳಿಯೋ ಅಂತಾರ. ಅಪ್ಪನ ರಿವಾಲ್ವರ್ ಸ್ಟೇಷನ್‌ಗೆ ಕೊಟ್ಟಾರಂತ ಊರಾಗ ಗೊತ್ತಾದ್ರ ನನಗ ಯಾರು ಓಟ್ ಹಾಕ್ತಾರ? ಆ ಹಳೇದನ್ನ ಯಾವನಿಗಾದ್ರೂ ಮಾರಿ ಒಗೀ."

"ಯಾವ ಹಳೇದು?" ಎಂದಳು ಗುರುಶಾಂತಮ್ಮ.

ಬಸವಪ್ರಸಾದ ಬಂಡಿಯ ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಂಡ. ಆದರೆ ಮಾತು ಆಡಿಯಾಗಿತ್ತು. ತಾನು ಈ ಹೊತ್ತು ಒಂದು ತುತ್ತೂ ಮುಟ್ಟುವುದಿಲ್ಲವೆಂದು ಗುರುಶಾಂತಮ್ಮ ದೇವರ ಕೋಣೆಯಲ್ಲಿ ಹೋಗಿ ಕೂತಳು. ತಿನ್ನುವವರಿಲ್ಲದ ಮೇಲೆ ಬೇಯಿಸುವುದೇಕೆಂದು ನಾಗಜ್ಯೋತಿ ಒಲೆ ಆರಿಸಿದಳು.

ಊಟದ ಹೊತ್ತು ಮೀರಿದಾಗ ಸೋಮಶೇಖರಪ್ಪ ಮೆಲ್ಲಗೆ ದೇವರ ಕೋಣೆಗೆ ನುಸುಳಿದ.

"ಅವ್ವ, ಅಪ್ಪಂದು ಕೊಡಂಗಿಲ್ಲ. ಲಿಂಗದ ಆಣಿ. ಆಕಿಗೆ ಮಾತ್ರ ಹೇಳಬ್ಯಾಡ."

ಗುರುಶಾಂತಮ್ಮನ ಮುಖ ಅರಳಿತು. ಅವನು ಅಲ್ಲಿಂದ ಅಡುಗೆಮನೆಗೆ ಹೋದ.

"ನಿಮ್ಮಪ್ಪಂದು ಕೊಡಂಗಿಲ್ಲ ಮಾರಾಯ್ತಿ. ನಿನ್ನಾಣಿ. ಅವ್ವಗ ಮಾತ್ರ ಹೇಳಬ್ಯಾಡ."

ನಾಗಜ್ಯೋತಿ ತಟ್ಟನೆ ಒಲೆ ಹಚ್ಚಿದಳು. ಸೋತವರು ಇನ್ನೊಬ್ಬರು ಎಂದು ತಿಳಿದ ಮೇಲೆ ಅತ್ತೆ ಸೊಸೆ ಇಬ್ಬರಿಗೂ ಎಲ್ಲಿಲ್ಲದ ಕನಿಕರ ಬಂತು. "ಪಾಪ, ಆಕಿ ಅಂದದ್ದು ಮನಸಿಗೆ ಹಚ್ಕೊಬ್ಯಾಡ," ಎಂದು ತಾಯಿ ತಾನೇ ಒಗ್ಗರಣೆ ಮಂಡಕ್ಕಿ ಮಾಡಿ ತಿನ್ನಿಸಿದಳು. "ವಯಸ್ಸಾದವರು, ಏನೋ ಅಂತಾರ, ಬಿಡ್ರಿ," ಎಂದು ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಸೋಮಶೇಖರಪ್ಪ ಯಾರಿಗೂ ಬೇಡ ಎನ್ನಲಾಗದೆ ಎರಡನ್ನೂ ತಿಂದ.

ಕೈ ತೊಳೆಯುವಾಗ ಅವನಿಗೆ ಲೆಕ್ಕ ತಿಳಿಯಿತು. ತಂದೆಯದು ಹೋಗುವಂತಿಲ್ಲ, ಮಾವನದು ಹೋಗುವಂತಿಲ್ಲ.

ಕೋಣೆಯ ಬಾಗಿಲು ಹಾಕಿಕೊಂಡು ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡ. ಎಣ್ಣೆ ಹಚ್ಚಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಬೇರೆಯವರ ಕೈಯಲ್ಲಿ ಇದಕ್ಕೆ ಯಾರು ಎಣ್ಣೆ ಹಚ್ಚುತ್ತಾರೆ ಎಂದು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವಾಗಲೂ ಅವನು ಇಷ್ಟು ಅತ್ತಿರಲಿಲ್ಲ. ಆದರೆ ಹೋದರೆ ಒಂದು ಪಿಸ್ತೂಲು ಹೋಗಲಿ, ಮನೆಯಲ್ಲಿ ಇಬ್ಬರೂ ನಗುನಗುತ್ತಾ ಇರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡ. ಸ್ಟೇಷನ್ನಿನಲ್ಲಿ ಮೂರರ ನಂಬರನ್ನೂ ನೋಡುತ್ತಾರೆಂದು ಮೂರನ್ನೂ ಚೀಲಕ್ಕೆ ಹಾಕಿದ.

ಬಸವಪ್ರಸಾದ ಅವನನ್ನು ಬುಲೆಟ್ಟಿನಲ್ಲಿ ಕೂರಿಸಿಕೊಂಡು ಸ್ಟೇಷನ್ನಿನವರೆಗೆ ಬಂದ. ಒಳಗೆ ಕಾಲಿಟ್ಟರೆ ತನ್ನ ಹಳೆಯ ಕೇಸಿನ ವಿಚಾರ ಎತ್ತುತ್ತಾರೆಂದು ಎದುರಿನ ಚಹಾ ಅಂಗಡಿಯಲ್ಲೇ ಉಳಿದ.

ಎಸ್ಸೈ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದ. ಸೋಮಶೇಖರಪ್ಪ ಪಿಸ್ತೂಲನ್ನು ಮುಂದಕ್ಕೆ ಸರಿಸಿದಾಗ ಎಸ್ಸೈಗೆ ನಂಬಿಕೆ ಬರಲಿಲ್ಲ; ತೆಲುಗು ಬೆರೆಸಿ ಕೇಳಿದ.

"ಏಮಂಡಿ ಸೋಮಶೇಖರಪ್ಪಗಾರೂ, ಮಂಚಿದಿ ಇಚ್ಚೇಸ್ತಾರಾ? ಒಳ್ಳೇದು ಕೊಟ್ಟು ಈ ತುಕ್ಕು ಹಿಡಿದವು ಎರಡು ಇಟ್ಕೋತೀರಾ? ಇನ್ನೊಂದ್ಸಾರಿ ಆಲೋಚಿಂಚಂಡಿ."

"ಆಲೋಚನೆ ಮಾಡೇ ಬಂದೀನ್ರಿ," ಎಂದ ಸೋಮಶೇಖರಪ್ಪ ಕ್ಷೀಣವಾಗಿ.

ಸ್ವಂತ ಇಷ್ಟದಿಂದ ಒಪ್ಪಿಸುತ್ತಿದ್ದೇನೆ ಎಂದು ಬರೆಸಿಕೊಂಡರು. ಸಹಿಯಾಯಿತು. ಕಂಪ್ಯೂಟರಿನ ಹುಡುಗಿ ನಂಬರು ಒತ್ತಿದಳು. ಹನುಮಣ್ಣ ಪಿಸ್ತೂಲನ್ನು ಒಳಗೆ ಒಯ್ದ. ಸೋಮಶೇಖರಪ್ಪ ಅದು ಹೋದ ಕಡೆಗೇ ನೋಡುತ್ತಿದ್ದು, ಆಮೇಲೆ ನಿಟ್ಟುಸಿರು ಬಿಟ್ಟು ಉಳಿದೆರಡನ್ನು ಚೀಲಕ್ಕೆ ಹಾಕಲು ಕೈ ಚಾಚಿದ.

ಆಗ ಬಸವಪ್ರಸಾದ ಕೇಸನ್ನೂ ಮರೆತು ಸ್ಟೇಷನ್ನಿನ ಬಾಗಿಲಿಗೆ ಓಡಿಬಂದ. ಕೈಯಲ್ಲಿ ಫೋನು, ಮುಖದ ತುಂಬ ನಗು.

"ಭಾವಾ, ಎಲೆಕ್ಷನ್ ಬಂತು! ಈಗ ಟಿವಿಯಾಗ ಹೇಳಿದ್ರು! ನಾ ಹೊಂಟೆ!" ಎಂದು ಕೂಗಿ, ಹೊರಗೆ ಹೋಗಿ ಬುಲೆಟ್ ಒದ್ದು ಹಾಲಹರವಿಯ ಕಡೆಗೆ ಹಾರಿದ.

ಎಸ್ಸೈ ಎರಡೂ ರಿವಾಲ್ವರುಗಳ ಮೇಲೆ ತನ್ನ ಅಗಲವಾದ ಕೈ ಇಟ್ಟ.

"ಇವು ಇರಲಿ ಬಿಡ್ರಿ. ಎಲೆಕ್ಷನ್ ಅಂದ್ಮೇಲೆ ಲೈಸೆನ್ಸ್ ತುಪಾಕಿ ಎಲ್ಲಾ ಡಿಪಾಜಿಟ್ ಮಾಡ್ಬೇಕಲ್ಲ. ಮನಿಗೆ ಒಯ್ದು ಮತ್ತೆ ನಾಳೆ ಯಾಕೆ ತರ್ತೀರಿ?"

"ಅಲ್ರಿ ಸಾರ್... ಯಾವಾಗ ಕೊಡ್ತೀರಿ?"

"ಎಲೆಕ್ಷನ್ ಅಯಿಪೋಯಾಕ. ಪಂಚಾಯ್ತಿದು ಮುಗಿದ ಮೇಲೆ ಮುನಿಸಿಪಾಲ್ಟಿದು ಬರುತ್ತೆ ಅಂತಾರೆ. ನೋಡೋಣ." ಎಸ್ಸೈ ಒಂದು ಕ್ಷಣ ತಡೆದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಒಂದು ಚಹಾ ಕುಡಿದು ನಿಧಾನಕ್ಕೆ ಬಂದಿದ್ರೆ ಮೂರೂ ಡಿಪಾಜಿಟ್‌ನಲ್ಲೇ ಇರ್ತಿದ್ವು. ಯಾವುದು ಕೊಡೋದು ಅನ್ನೋ ಮಾತೇ ಮುಂದಕ್ಕೆ ಹೋಗ್ತಿತ್ತು."

ಸೋಮಶೇಖರಪ್ಪ ಬಗ್ಗಿದ. "ಹಂಗಾದ್ರ ಆ ಬರೆದದ್ದು ಹರಿದುಬಿಡ್ರಿ ಸಾರ್!"

"ಆನ್‌ಲೈನ್‌ಲೋ ಎಕ್ಕಿಂಚೇಶಾಮಂಡಿ. ಒಮ್ಮೆ ಹತ್ತಿದ್ದು ಇಳಿಯಲ್ಲ." ರಸೀದಿ ಕೇಳಿದರೆ, ಅದನ್ನು ಬರೆಯುವ ರೈಟರು ಎಲೆಕ್ಷನ್ ಮೀಟಿಂಗಿಗೆ ಹೊರಟಿದ್ದಾನೆ, ನಾಳೆ ಬನ್ನಿ ಎಂದರು.

ಅವನು ನಡೆದೇ ಮನೆಗೆ ಬಂದ. ಅತ್ತೆ ಕಟ್ಟೆಯ ಮೇಲೆ, ಸೊಸೆ ಹೊಸ್ತಿಲ ಮೇಲೆ, ಸೋತವರ ಮುಖ ನೋಡಲು ಬೆಳಿಗ್ಗೆಯಿಂದ ಕಾದವರಂತೆ ಕೂತಿದ್ದರು. ಚೀಲ ಜೋತಾಡುತ್ತಿದ್ದ ರೀತಿ ನೋಡಿ ಇಬ್ಬರೂ ಒಟ್ಟಿಗೆ ಎದ್ದರು. ಗುರುಶಾಂತಮ್ಮ ಚೀಲ ಕಸಿದುಕೊಂಡು ತಿರುವಿ ಹಾಕಿ ಝಾಡಿಸಿದಳು.

"ನಿಮ್ಮಪ್ಪಂದೆಲ್ಲೋ?"

"ನಮ್ಮಪ್ಪಂದೆಲ್ರೀ?"

"ಎರಡೂ ಡಿಪಾಜಿಟ್‌ನಾಗ ಅದಾವ. ಎಲೆಕ್ಷನ್ ಆದಮ್ಯಾಗ ಕೊಡ್ತಾರ. ನಾ ಒಪ್ಪಿಸಿದ್ದು ನಂದು. ಖರೇನ ನಂದ ಪಿಸ್ತೂಲು ಕೊಟ್ಟೀನಿ."

ಇಬ್ಬರೂ ಅವನನ್ನೇ ನೋಡಿದರು. ಆಮೇಲೆ, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಒಬ್ಬರನ್ನೊಬ್ಬರು ಸ್ನೇಹದಿಂದ ನೋಡಿಕೊಂಡರು.

"ಕೇಳಿದಿರೇನು ಅತ್ತೀ? ಆ ಪಿಸ್ತೂಲು ಕೊಟ್ಟಾರಂತ. ಇವ್ರು!"

"ಹೆತ್ತ ತಾಯಿಗಿಂತ ಹೆಚ್ಚಿಗಿ ನೋಡ್ಕೊಂಡಾನ ಅದನ್ನ. ಯಾರ ಮುಂದ ಹೇಳ್ತಾನವ್ವ ಇದನ್ನ?"

ಗೋಡೆಯ ಮೇಲೆ ವಿಠಲರಾಯರ ತಲೆ ಎದ್ದಿತು. "ಡಿಪಾಜಿಟ್‌ಗೆ ವಿನಾಯಿತಿ ಅಂತ ಇರ್ತದ್ರೀ. ರೊಕ್ಕ ಓಡಾಡಿಸೋ ವ್ಯಾಪಾರಸ್ಥರು ಅರ್ಜಿ ಕೊಟ್ರ ಒಂದು ಇಟ್ಕೊಳಾಕ ಬಿಡ್ತಾರ. ಅದನ್ನ ತಗೊಂಡು ತಮ್ಮ ಪಿಸ್ತೂಲು ಉಳಿಸಿಕೊಂಡಿರಬೇಕು. ಶ್ಯಾಣ್ಯಾ ಇದ್ದಾರ."

"ನನಗ ಲಿಂಗದ ಆಣಿ ಇಟ್ಟಿದ್ದ," ಎಂದಳು ಗುರುಶಾಂತಮ್ಮ.

"ನನಗ ನನ್ನಾಣಿನ ಇಟ್ಟಿದ್ರು ಅತ್ತೀ," ಎಂದಳು ನಾಗಜ್ಯೋತಿ.

ಅತ್ತೆ ಸೊಸೆಯ ಹೆಗಲ ಮೇಲೆ ಕೈ ಹಾಕಿದಳು. ಇಬ್ಬರೂ ಹಾಗೇ ನಿಂತು ಮುಂದಿನ ದಾರಿಯನ್ನು ಪಿಸುಪಿಸು ಮಾತಿನಲ್ಲಿ ತೀರ್ಮಾನಿಸಿದರು. ಬೆಳಗಿನಿಂದ ಓಣಿಯೆಲ್ಲ ಸೇರಿ ಬಗೆಹರಿಸಲಾಗದ್ದು ಅವರಿಗೆ ತೀರ ಸುಲಭವಾಗಿ ಬಗೆಹರಿಯಿತು.

"ಸೋಮಾ, ನಾಳಿ ಮುಂಜಾನೆ ಎದ್ದ ಕೂಡ್ಲೆ ಸ್ಟೇಷನ್‌ಗೆ ಹೋಗು," ಎಂದಳು ಗುರುಶಾಂತಮ್ಮ. "ನಿನ್ನ ಪಿಸ್ತೂಲು ಅವರಿಗೆ ಒಪ್ಪಿಸಿ, ನಮ್ಮವೆರಡೂ ಬಿಡಿಸಿಕೊಂಡು ಬಾ."

"ಅದೊಂದು ಕೊಟ್ಟಿದ್ರ ಆಗ್ತಿತ್ತಲ್ರೀ, ಇಬ್ಬರಿಗೂ ಬ್ಯಾಸರಿರ್ತಿರಲಿಲ್ಲ," ಎಂದಳು ನಾಗಜ್ಯೋತಿ. "ಇಷ್ಟು ಸಣ್ಣ ಮಾತು ನಿಮಗ ಹೊಳೀಲಿಲ್ಲೇನು?"

ಸೋಮಶೇಖರಪ್ಪನಿಗೆ ಕಾಲು ನೋಯುತ್ತಿತ್ತು. ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಈ ಹೊತ್ತಿಗೆ ಇದು ಮುಗಿದರೆ ಸಾಕೆಂದು, "ಆಯ್ತು" ಎಂದುಬಿಟ್ಟ.

"ನೋಡ್ರಿ, ಆಯ್ತು ಅಂದ್ರು!" ವಿಠಲರಾಯರು ಗೋಡೆಯ ಮೇಲಿನಿಂದ ಕೂಗಿದರು. "ನಾಳೆ ಕೊಡ್ತೀನಿ ಅಂತಾರಂದ್ರ, ಪಿಸ್ತೂಲು ಅವರ ಹತ್ರನ ಅದ!"

ಅತ್ತೆ ಮತ್ತು ಸೊಸೆ ಒಟ್ಟಿಗೆ ಕೈ ಚಾಚಿದರು.

"ತೆಗಿ," ಎಂದಳು ತಾಯಿ.