ಮೂರು ಚಿನ್ನದ ಬಾಂದುಕಲ್ಲು

ಹದಿನೈದು ವರ್ಷದಿಂದ ಇಂದಿರಾನಗರದ ಆಸ್ಪತ್ರೆಯೊಂದರಲ್ಲಿ ರೇಡಿಯೇಶನ್ ಯಂತ್ರ ನಡೆಸುತ್ತಿದ್ದೇನೆ. ಅಲ್ಲೆಂಥ ನಗು ಎನ್ನಬೇಡಿ, ನಗು ಬಾರದ ವಾರವಿಲ್ಲ. ಅದರಲ್ಲೂ ಒಬ್ಬ ಸರ್ವೇಯರ್ ಇನ್ನೂ ತಲೆಯಿಂದ ಇಳಿದಿಲ್ಲ.

ನೆಡುವ ಮೊದಲು

ಕೆ.ಆರ್. ಪುರದವರು, ಜಮೀನು ಅಳೆದೇ ನಿವೃತ್ತರಾದವರು. ಪ್ರಾಸ್ಟೇಟ್ ಕ್ಯಾನ್ಸರ್. "ಆ ಪ್ರೋಟಾನ್ ಕಿರಣದ ಚಿಕಿತ್ಸೆಗೆ ಚೆನ್ನೈಗೆ ಹೋಗ್ಬೇಕಾ?" ಎಂದು ಹೆಂಡತಿ ಕೇಳಿದರು.

"ಇಲ್ಲಿನ ಕಿರಣವೇ ಸಾಕು. ಯಾವ ಕಿರಣಕ್ಕಾದ್ರೂ ಗುರಿ ಗೊತ್ತಾಗ್ಬೇಕು. ಅದಕ್ಕೆ ಗ್ರಂಥಿಯೊಳಗೆ ಅಕ್ಕಿಗಿಂತ ಸಣ್ಣ ಮೂರು ಚಿನ್ನದ ಕಾಳು ನೆಡ್ತೀವಿ," ಎಂದರು ಡಾಕ್ಟರು.

ಮಂಕಾಗಿದ್ದ ಸರ್ವೇಯರ್ ನೆಟ್ಟಗೆ ಕೂತರು. "ಓ, ಬಾಂದುಕಲ್ಲು! ನೆಟ್ಟ ಮೇಲೆ ಮಣ್ಣು ಕೂರೋವರೆಗೂ ಅಳೀಬಾರ್ದು, ಗೊತ್ತಲ್ವಾ?"

ಕಾಳು ನೆಟ್ಟ ಊತ ಇಳಿಯಲೆಂದು ಸ್ಕ್ಯಾನಿಗೆ ವಾರ ಬಿಟ್ಟು ಬನ್ನಿ ಎನ್ನಬೇಕಿದ್ದ ಡಾಕ್ಟರು ಬೆರಗಾಗಿ ರೋಗಿಯನ್ನೇ ಕೇಳಿದರು: "ಒಂದು ವಾರ ಸಾಕಾ, ಸರ್?"

ನೀರಿನ ಲೆಕ್ಕ

ಕಿರಣ ಬಿಡುವಾಗ ಮೂತ್ರಕೋಶ ತುಂಬಿರಬೇಕು. ಇವರು ದಾರಿಯ ಸಮಯ ಲೆಕ್ಕ ಹಾಕಿ, ಮನೆಯಲ್ಲೇ ನೀರು ಕುಡಿದು ಆಟೊ ಹತ್ತಿದರು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ನಿಂತಿತು. ಕೊನೆಗೆ ನಮ್ಮ ಬಾಗಿಲಲ್ಲಿ ಕಾಲಿಗೆ ಕಾಲು ಹೆಣೆದು ನಿಂತು, "ಲೆಕ್ಕ ಸರಿ ಇತ್ತಮ್ಮ, ದಾರಿ ಬೆಂಗಳೂರಿಂದು!" ಎಂದರು.

ಸರಿದ ಜಮೀನು

ದಿನವೂ ಮೊದಲು ಎಕ್ಸ್‌ರೇಯಲ್ಲಿ ಕಾಳು ಹೊಂದಿಸಿಕೊಳ್ಳುತ್ತೇವೆ. ಒಂದು ದಿನ ಮೂಳೆಗಳೆಲ್ಲ ಸ್ವಸ್ಥಾನದಲ್ಲಿವೆ, ಕಾಳು ಮಾತ್ರ ಒಂದು ಸೆಂಟಿಮೀಟರ್ ಮುಂದೆ! ಹಾಗೇ ಬಿಟ್ಟಿದ್ದರೆ ಕಿರಣ ಗುರಿ ತಪ್ಪುತ್ತಿತ್ತು. ಯಂತ್ರ ತಡೆದು, ಒಳಗೆ ಹೋಗಿ ಅವರಿಗೆ ವಿಷಯ ಹೇಳಿದೆ.

"ಮೂರೂ ಒಟ್ಟಿಗೆ ಸರಿದಿವೆಯಾ?" ಎಂದರು ಸರ್ವೇಯರ್.

"ಹೌದು ಸರ್."

"ಹಾಗಾದ್ರೆ ಕಲ್ಲು ಸರಿದಿಲ್ಲ, ಜಮೀನೇ ಸರಿದಿದೆ." ಆಮೇಲೆ ದನಿ ತಗ್ಗಿಸಿದರು. "ನಿನ್ನೆ ಹಲಸೂರಲ್ಲಿ ನಾದಿನಿ ಮನೇಲಿ ಹಿತಕಿದ ಅವರೆಬೇಳೆ ಸಾರು. ಮೂರು ಸಲ ಬಡಿಸ್ಕೊಂಡೆ."

ಕರುಳಿನ ವಾಯು ಗ್ರಂಥಿಯನ್ನೇ ಮುಂದಕ್ಕೆ ದೂಡಿತ್ತು. ಕಾರಿಡಾರಿನಲ್ಲಿ ಅರ್ಧ ಗಂಟೆ ಓಡಾಡಿಸಿದೆವು. ಜನ ತಾವಾಗಿಯೇ ದಾರಿ ಬಿಟ್ಟರು. ಮತ್ತೆ ಎಕ್ಸ್‌ರೇ ತೆಗೆದರೆ ಮೂರು ಕಾಳೂ ತಮ್ಮ ತಮ್ಮ ಗುರುತಿನಲ್ಲಿ ಕೂತಿದ್ದವು. ನನಗೆ ಮೈ ಜುಮ್ಮೆಂದಿತು. ಹಿಂದಿನ ದಿನದ ಊಟವನ್ನೂ ಬಿಡದೆ ಹಿಡಿದುಕೊಟ್ಟಿದ್ದವಲ್ಲ!

ಕೊನೆಯ ದಿನ

"ಕಾಳು ವಾಪಸ್ ತೆಗೀತೀರಾ?" ಎಂದರು ಹೆಂಡತಿ.

"ಇಲ್ಲಮ್ಮ, ಇನ್ನು ಅಲ್ಲೇ ಇರ್ತವೆ," ಎಂದೆ.

ಸರ್ವೇಯರ್ ಮೊದಲ ದಿನದ ಎಕ್ಸ್‌ರೇ ಚಿತ್ರವನ್ನೂ ಅವತ್ತಿನದನ್ನೂ ಪಕ್ಕಪಕ್ಕ ಹಾಕಿಸಿ ನೋಡಿದರು. ಕಣ್ಣು ತುಂಬಿತ್ತು. "ಜೀವಮಾನವೆಲ್ಲ ಕಲ್ಲು ನೆಟ್ಟೆ ಕಣಮ್ಮ. ಹೊರಮಾವಿನಲ್ಲಿ ನೆಟ್ಟಿದ್ದರ ಮೇಲೆ ಈಗ ಅಪಾರ್ಟ್‌ಮೆಂಟಿನ ಈಜುಕೊಳ ಇದೆ. ನೆಟ್ಟಲ್ಲೇ ಉಳ್ಕೊಂಡಿದ್ದು ಈ ಮೂರೇ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಉಳೀದೆ ಏನ್ರೀ? ಒತ್ತುವರಿ ಮಾಡ್ದೋನಿಗೆ ನೀವು ಬರೀ ನೋಟಿಸ್ ಕೊಡ್ತಿದ್ರಿ. ಇವರು ಸುಟ್ಟೇಬಿಟ್ರು!"