ಗಾಜಿನ ಪೆಟ್ಟಿಗೆಯವರಿಗೆ ಸೋದರಮಾವನ ಎದೆಯಾಳದಿಂದ

ಶ್ರೀಮಂತ ದೇಶವೊಂದರ ದಾನಿಗಳ ಕೃಪೆಯಿಂದ ಹಡಗು ಹತ್ತಿ, ಕಡಲು ದಾಟಿ ಬಂದು ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನ ಮೂಲೆಯಲ್ಲಿ ಬಿಜಯಂಗೈದಿರುವ, ಅವಸರದಲ್ಲಿ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲೆಂದೇ ಅವತರಿಸಿರುವ ಗಾಜಿನ ಪೆಟ್ಟಿಗೆಯವರ ಸನ್ನಿಧಾನಕ್ಕೆ, ತಮ್ಮ ಬದಲಿ ನೌಕರನಾಗಿ ದುಡಿದ ಸೋದರಮಾವನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕೆಂಪು ದೀಪ ಎಂದಿನಂತೆ ಮಿಣುಕುತ್ತ ಕ್ಷೇಮವಾಗಿದೆಯೆಂದು ಭಾವಿಸುತ್ತೇನೆ. ದಿನ ತುಂಬುವ ಮೊದಲೇ ನನ್ನ ತಂಗಿಗೆ ಹುಟ್ಟಿದ, ಗೇಣಿಗಿಂತ ತುಸುವೇ ಉದ್ದವಿದ್ದುದರಿಂದ ನಾವು ಗೇಣಮ್ಮ ಎಂದು ಕರೆದ ಹೆಣ್ಣುಕೂಸು ಮೈಯ ಬಿಸಿ ಹಿಡಿದಿಟ್ಟುಕೊಳ್ಳಲಾರದೆ ತಣ್ಣಗಾಗುತ್ತಿದ್ದಾಗ, ನಾನು ಓಡೋಡಿ ಬಂದು ತಮಗೆ ಕೈಮುಗಿದದ್ದು ನೆನಪಿರಬಹುದು. ತಾವು 'ಪೀಂ' ಎಂದಿರಿ. ತಮ್ಮ ಹೊಟ್ಟೆಯೊಳಗಿನ ಬಿಡಿಭಾಗವೊಂದು ಕೆಟ್ಟು, ಹೊಸದು ತವರಿನಿಂದ ಬರಬೇಕಿದ್ದು, ಅದು ತಲುಪುವಷ್ಟರಲ್ಲಿ ಗೇಣಮ್ಮನಿಗೇ ಮೊಮ್ಮಕ್ಕಳಾಗಬಹುದೆಂದು ಆಮೇಲೆ ತಿಳಿಯಿತು. ಬಂದದ್ದು ದಾನ, ನಿಂತದ್ದು ಮೌನ, ನಡುವೆ ಹೋಗುತ್ತಿದ್ದದ್ದು ನಮ್ಮ ಪ್ರಾಣ.

ವಾರ್ಡಿನ ಹಿರಿಯ ಸಿಸ್ಟರ್ ಮಾತ್ರ ತಮ್ಮತ್ತ ತಿರುಗಿಯೂ ನೋಡಲಿಲ್ಲ. ಬಾಣಂತಿಗೆ ಆಪರೇಷನ್ನಿನ ಸುಸ್ತಿದ್ದರೆ ಮನೆಯವರೇ ಸರದಿಯಂತೆ ಕೂಸನ್ನು ಬರಿಮೈಗೆ ಕಟ್ಟಿಕೊಂಡು ಕೂರುವುದು ಅಲ್ಲಿನ ರೂಢಿಯಂತೆ. ನನ್ನ ಅಂಗಿ ಬಿಚ್ಚಿಸಿದವರೇ, "ಏನ್ರೀ ಇದು, ಎದೆ ಮೇಲೆ ಇಷ್ಟೊಂದು ಕಾಡು ಬೆಳೆಸಿದೀರ, ಮಗು ದಾರಿ ತಪ್ಪಿದ್ರೆ ಹುಡುಕೋರ್ಯಾರು? ಸೋಪು ಹಾಕಿ ತೊಳ್ಕೊಂಡು ಬನ್ನಿ" ಎಂದು ಅಟ್ಟಿದರು. ತೊಳೆದುಕೊಂಡು ಬಂದವನ ಎದೆಗೆ ಟೋಪಿ, ಕಾಲುಚೀಲ, ಲಂಗೋಟಿಯಷ್ಟೇ ಉಟ್ಟಿದ್ದ ಗೇಣಮ್ಮನನ್ನು ಕಪ್ಪೆಯಂತೆ ಅಂಟಿಸಿ, ಹತ್ತಿಬಟ್ಟೆಯಲ್ಲಿ ಬಿಗಿದು ಕಟ್ಟಿ, "ಒರಗಿ ಕೂತ್ಕೊಳ್ಳಿ. ಸೀನಬೇಡಿ. ರಾಜಕೀಯ ಮಾತಾಡಬೇಡಿ, ಬಿಸಿ ಜಾಸ್ತಿಯಾಗುತ್ತೆ" ಎಂದು ಅಪ್ಪಣೆಯಿತ್ತರು.

ತಮ್ಮ ಹುದ್ದೆಯ ಕಷ್ಟ ನನಗೆ ಅರ್ಥವಾದದ್ದು ಆಗಲೇ. ಪುಟ್ಟ ಪಾದ ತಣ್ಣಗಾದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವಳ ಉಸಿರು ತಡವಾದರೆ ನನ್ನದೂ ನಿಲ್ಲುತ್ತಿತ್ತು, ಆಮೇಲೆ ನಾನು ಗಾಬರಿಯಿಂದ ಬಿಡುತ್ತಿದ್ದ ದೊಡ್ಡ ಉಸಿರಿಗೆ ಅವಳೂ ಅಲುಗಾಡಿ, 'ಇವನದೇನು ಗಲಾಟೆ' ಎಂಬಂತೆ ಮುಖ ಸಿಂಡರಿಸುತ್ತಿದ್ದಳು. ಇಂಥ ಸುಖ ತಮ್ಮ ಗಾಜಿಗೆ ಲಭಿಸಿಲ್ಲವಲ್ಲ ಎಂದು ನಿಜಕ್ಕೂ ಮರುಗುತ್ತೇನೆ.

ಇನ್ನು ಸರದಿ ಬದಲಾವಣೆಯ ವಿಚಾರ. ಮದುವೆಯ ಫೋಟೋದಲ್ಲಿ ನನ್ನನ್ನು ಕಂಬದ ಹಿಂದೆ ನಿಲ್ಲಿಸಿದರೆಂಬ ಘನಗಂಭೀರ ಕಾರಣಕ್ಕೆ ತಂಗಿಯ ಗಂಡನೊಡನೆ ನಾನು ಮಾತು ಬಿಟ್ಟು ವರ್ಷಗಳಾಗಿದ್ದವು. ಕೂಸಿಗೆ ಗಾಳಿ ಸೋಕಬಾರದಾದ್ದರಿಂದ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಇಬ್ಬರು ದಪ್ಪ ಗಂಡಸರು ಒಂದೇ ಹೊದಿಕೆಯೊಳಗೆ ಎದೆಗೆ ಎದೆ ಕೊಟ್ಟು ನಿಲ್ಲಬೇಕಾಯಿತು. "ಇನ್ನೂ ಹತ್ರ, ಇನ್ನೂ ಹತ್ರ, ನಾಚ್ಕೊಳ್ಳೋಕೆ ಇದೇನು ನಿಮ್ಮಿಬ್ಬರ ಮದುವೇನಾ?" ಎಂದರು ಸಿಸ್ಟರ್. ವಾರ್ಡಿನ ಬಾಣಂತಿಯರೆಲ್ಲ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. ಹೊದಿಕೆಯೊಳಗಿಂದ ಭಾವ ಮೆಲ್ಲಗೆ, "ನಿಮ್ಮ ಮೈ ನನಗಿಂತ ಬಿಸಿ ಇದೆ ಭಾವ, ಇನ್ನೊಂದು ಸ್ವಲ್ಪ ಹೊತ್ತು ನೀವೇ ಇಟ್ಕೊಳ್ಳಿ" ಎಂದರು. "ಸಿಟ್ಟಿನವರ ಮೈ ಯಾವಾಗ್ಲೂ ಬಿಸೀನೇ ಭಾವ" ಎಂದೆ. ಇಂಥ ರಾಜಿ ಪಂಚಾಯಿತಿ ತಮ್ಮಿಂದ ಸಾಧ್ಯವೆ?

ಅಷ್ಟರಲ್ಲಿ ತಮ್ಮ ಯೋಗಕ್ಷೇಮ ವಿಚಾರಿಸಲೆಂದು ತವರಿನ ತಜ್ಞರ ತಂಡ ಬಂದು, ತಮ್ಮನ್ನು ದಾಟಿ ನೇರ ನನ್ನೆದುರು ನಿಂತದ್ದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಇವರ ಉಷ್ಣಾಂಶವನ್ನು ನಿಯಂತ್ರಿಸುವುದು ಯಾರು, ಸರ್ವಿಸ್ ಮಾಡುವುದು ಯಾರು ಎಂದು ಒಬ್ಬರು ಕೇಳಲಾಗಿ, "ಅವರ ಹೆಂಡ್ತಿ, ದಿನಾ ಮಾಡ್ತಾರೆ" ಎಂದು ಸಿಸ್ಟರ್ ಉತ್ತರಿಸಿದರು. ತಂಡದ ಹಿರಿಯಾಕೆ ಮಾತ್ರ ನಗಲಿಲ್ಲ. ಅವರ ಮಗನೂ ಬೇಗ ಹುಟ್ಟಿದ್ದನಂತೆ. ಅವನನ್ನು ವಾರಗಟ್ಟಲೆ ತಮ್ಮಂಥವರೊಬ್ಬರ ಗಾಜಿನಾಚೆಯಿಂದ ನೋಡಿದ್ದರಂತೆ. ಆಕೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಗೇಣಮ್ಮನ ಬೆನ್ನು ಏರಿಳಿಯುವುದನ್ನೇ ನೋಡುತ್ತ ಬಸ್ಸು ತಪ್ಪಿಸಿಕೊಂಡರು.

ತೀರಾ ನಿತ್ರಾಣವಾದ ಕೂಸುಗಳಿಗೆ ತಮ್ಮಂಥವರೇ ಬೇಕೆಂದು ಡಾಕ್ಟರು ಹೇಳಿದ್ದಾರೆ, ನನ್ನದು ತಕರಾರಿಲ್ಲ. ಆದರೆ ಬರಿಯ ಬಿಸಿ ಸಾಕೆನ್ನುವ ಕೂಸುಗಳ ಮಟ್ಟಿಗೆ ತಮ್ಮ ಕೆಲಸ ಉಳಿಯಬೇಕಾದರೆ, ದಯಮಾಡಿ ಒಂದು ಎದೆ ಬೆಳೆಸಿಕೊಳ್ಳಿ. ಅದರೊಳಗೆ ಡವಡವ ಎನ್ನುವುದೊಂದನ್ನು ಇಟ್ಟುಕೊಳ್ಳಿ. ಶ್ರುತಿಯಿಲ್ಲದೆ ಗುನುಗಲು ಕಲಿಯಿರಿ. ಸಾಧ್ಯವಾದರೆ ಒಬ್ಬ ಭಾವನನ್ನೂ ಸಂಪಾದಿಸಿಕೊಳ್ಳಿ.

ಕೊನೆಯದಾಗಿ ನನ್ನ ಮೂಲ ದೂರು. ಗೇಣಮ್ಮ ತೂಕ ಕಟ್ಟಿಕೊಂಡು ಗಟ್ಟಿಯಾಗಿ ಅಳಲು ಕಲಿತ ಬೆಳಿಗ್ಗೆ, ಸುಸ್ತು ಕಳೆದ ತಂಗಿ ಕೈಚಾಚಿ, "ಸಾಕು ಕೊಡಣ್ಣ, ನಂದು ಅದು" ಎಂದಳು. ಯಾವ ಮುನ್ಸೂಚನೆಯೂ ಇಲ್ಲದೆ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಅಂಗಿ ಹಾಕಿಕೊಂಡಿದ್ದೇನೆ, ಸ್ವೆಟರೂ ಹಾಕಿಕೊಂಡಿದ್ದೇನೆ. ಆದರೂ ಎದೆಯ ಮೇಲೆ ಅಂಗೈಯಗಲದ ಒಂದು ಜಾಗ ಇನ್ನೂ ತಣ್ಣಗಿದೆ. ಇದಕ್ಕೆ ಬಿಡಿಭಾಗ ಯಾವ ದೇಶದಲ್ಲಿ ಸಿಗುತ್ತದೆಂದು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮಾಜಿ ಪೆಟ್ಟಿಗೆ

ತಾಜಾ ಕಲಂ: ನಮ್ಮಿಂದ ಕಲಿತ ಪಾಠವನ್ನು ತಮ್ಮ ತವರಿನವರು ಬಹಳ ಶ್ರದ್ಧೆಯಿಂದ ಜಾರಿಗೆ ತರುತ್ತಿದ್ದಾರೆಂದು ಕೇಳಿ ಸಂತೋಷವಾಯಿತು. ರಬ್ಬರಿನ ಚರ್ಮ ಹೊದಿಸಿದ, ಉಸಿರಾಡುವಂತೆ ಉಬ್ಬಿ ತಗ್ಗುವ ಕೃತಕ ಸೋದರಮಾವನೊಬ್ಬನನ್ನು ತಯಾರಿಸುತ್ತಿದ್ದಾರಂತೆ. ಅಳತೆಗೆಂದು ನನ್ನ ಎದೆಯ ಸುತ್ತಳತೆ ಕೇಳಿ ಬರೆದಿದ್ದಾರೆ. ಅವನು ಕೆಟ್ಟು ನಿಂತ ದಿನ ನಮಗೆ ದಾನವಾಗಿ ಕಳಿಸುವರೆಂದು ನಂಬಿದ್ದೇನೆ.